ಕಳ್ಳಿಗಿಡದ ಹಿಂದ ಕುಂತು ನೋಡಿದ್ದು

ಸ್ವಲ್ಪ ಹತ್ತರ ಬರ್ರಿ, ಜೋರಾಗಿ ಹೇಳೂ ಮಾತಲ್ಲ ಇದು. ಮೊದಲ ಆಣಿ ಮಾಡ್ರಿ, ಯಾರ ಮುಂದೂ ಬಾಯಿ ಬಿಡೂದಿಲ್ಲಂತ. ನಾನೂ ಯಾರ ಮುಂದೂ ಹೇಳಿಲ್ಲ. ನಮ್ಮ ಚಾಳದ ಏಳು ಮನಿಯವರು, ಸಂಭಾಜಿನಗರದ ನನ್ನ ತಂಗಿ ಮತ್ತ ಹಾಲಿನವ, ಇಷ್ಟ ಮಂದಿ ಬಿಟ್ಟು. ನಾ ಯಾರ ಮನಿ ಉಸಾಬರಿಗೂ ಹೋಗಾಕಿ ಅಲ್ಲ. ನಾ ಎಲ್ಲಿ ಕುಂದರತೀನೋ ಇಂಥವು ಅಲ್ಲೇ ಬಂದು ನಡೀತಾವ, ನಾ ಏನು ಮಾಡ್ಲಿ? ಕಲ್ತದ್ದು ಎರಡನೇ ಇಯತ್ತೆ. ಕಣ್ಣು ಮಾತ್ರ ಇನ್ನೂ ಚಲೋ ಅವ.

ನಾವಿರೂದು ನಾಶಿಕದಾಗ, ಸಾತಪುರದ ಕಾರಖಾನಿಗಳ ಹಿಂದಿನ ಚಾಳದಾಗ. ಅರ್ಧಕ್ಕರ್ಧ ಬೀದರ, ಕಲಬುರ್ಗಿ ಕಡಿಯವರೇ. ಅಲ್ಲಿಂದ ಸ್ವಲ್ಪ ದೂರ, ಗುಡ್ಡದ ಬುಡಕ ಸರ್ಕಾರದ ದೊಡ್ಡ ಸಸ್ಯೋದ್ಯಾನ ಅದ. ನಾವು ಗಾರ್ಡನ್ ಅಂತೀವಿ. ಬ್ಯಾಸಿಗಿದಾಗ ಅಲ್ಲಿ ಹಸಿರು ಅಂದ್ರ ಗಿಡದ ಹೆಸರು ಬರದಿಟ್ಟ ಬೋರ್ಡಿನ ಬಣ್ಣ ಒಂದೇ.

೧. ಎರಡು ಬಾಟಲಿ

ನನ್ನ ಎದುರಿನ ಖೋಲಿಯಾಕಿ ಗಂಡ ಗೌಂಡಿ ಇದ್ದ, ಗೋಡಿ ಕಟ್ಟಾಂವ. ಹ್ವಾದ ದೀಪಾವಳಿ ಮುಂದ ತೀರಿಕೊಂಡ. ಬ್ಯಾಸಿಗಿ ಶುರು ಆದ ಮ್ಯಾಲ ಈಕಿ ದಿನಾ ಸಂಜಿ ನಾಕಕ್ಕ ಗಾರ್ಡನ್ನಿಗೆ ಹೊಂಟಳು. ಎರಡೂ ಕೈಯಾಗ ಎರಡು ದೊಡ್ಡ ನೀರಿನ ಬಾಟಲಿ.

"ಎಲ್ಲೀಗಿ ತಂಗಿ?" ಅಂದೆ.

"ಗಿಡ ನೋಡಾಕ ಅಕ್ಕಾ."

"ಅಷ್ಟು ನೀರು?"

"ನೀರಡಿಕಿ ಭಾಳ ಆಗ್ತದ್ರಿ."

ಅಮಾಸಿ ದಿನ ನೋಡ್ತೀನಿ, ಹೂರಣದ ಹೋಳಿಗಿ ಎರಡು ಪೇಪರಿನ್ಯಾಗ ಸುತ್ತಿ ಸೆರಗಿನ ಒಳಗ ಇಟ್ಟುಕೊಂಡಳು. ಆಕಿಗೆ ಸಕ್ಕರಿ ಬ್ಯಾನಿ, ಸಿಹಿ ಮುಟ್ಟಾಂಗಿಲ್ಲ. ನನಗ ಯಾವ ಬ್ಯಾನಿನೂ ಇಲ್ಲ. ಆದ್ರೂ ನನಗ ಒಂದು ಹೋಳಿಗಿ ಬರಲಿಲ್ಲ. ಸಂಶಯ ಹುಟ್ಟಿದ್ದು ಅಲ್ಲೇ.

೨. ಕಳ್ಳಿ ಸಾಲು

ಹಿಂದಿಂದನ ಹೋದೆ. ಗೇಟಿನವ ಮರಾಠಿದಾಗ ಕೇಳಿದ, "ಆಜಿ, ಏನು ನೋಡಾಕ ಬಂದಿ? ಎಲ್ಲಾ ಒಣಗ್ಯಾವ."

"ಒಣಗಿದ್ದೇ ನೋಡ್ತೀನಿ, ಬಿಡು," ಅಂದೆ.

ಆಕಿ ಗಾರ್ಡನ್ನಿನ ತುದಿತನಕ, ಕಂಪೌಂಡ ಗೋಡಿ ತನಕ ನಡದಳು. ನಾ ಅಡಗಾಕ ಒಂದು ಎಲಿ ಇದ್ದ ಗಿಡ ಇಲ್ಲ. ಆಳೆತ್ತರದ ಕಳ್ಳಿ ಸಾಲು ಇತ್ತು, ಅದರ ಹಿಂದ ಕುಂತೆ. ಅಲ್ಲಿಂದ ಕಂಡದ್ದು ಇಷ್ಟು: ಗೋಡಿ ಹತ್ತರ ಟೊಪಿಗಿ ಹಾಕಿದ ಒಬ್ಬ ಗಂಡಸು ನಿಂತಾನ. ಈಕಿ ಬಗ್ಗಿ ಏನೋ ಮಾಡಿದಳು, ಆಮ್ಯಾಲ ಎದ್ದು ಎರಡೂ ಕೈಲಿ ಹೋಳಿಗಿ ಅವನಿಗೆ ಕೊಟ್ಟಳು. ಅಂವ ತಿಂದ. ಈಕಿ ನಕ್ಕಳು. ಗಂಡ ಹ್ವಾದ ಮ್ಯಾಲ ಈಕಿ ಹಲ್ಲು ನಾ ನೋಡಿದ್ದು ಅದೇ ಮೊದಲು. ನನಗ ಸಂತೋಷ ಆಗಬೇಕಿತ್ತು. ಆಗಲಿಲ್ಲ.

ಮನಿಗೆ ಬಂದ ಮ್ಯಾಲ ಸೊಸಿ ಚಿಮಟಾ ತಗೊಂಡು ಮುಳ್ಳು ಕೀಳಾಕ ಕುಂತಳು. "ಎಲ್ಲಿ ಹೋಗಿದ್ರಿ ಅತ್ತಿ?"

"ಭಜನಿಗೆ."

"ಯಾವ ದೇವರು ಇಲ್ಲಿ ಚುಚ್ಚತಾನ್ರಿ?"

೩. ನಳದ ಕಟ್ಟಿ

ನಾ ಹೇಳಿದ್ದು ಒಬ್ಬಾಕಿಗೇ, ನಳದ ಕಟ್ಟಿ ಮ್ಯಾಲ, ಅದೂ ಆಣಿ ಹಾಕಿಸಿ. ಮರುದಿನ ಮಂದಿ ಬಾಯಾಗ ಟೊಪಿಗಿಯವನಿಗೆ ಮೋಟರ್‌ಸೈಕಲ್ ಬಂತು. ಅದರ ಮರುದಿನ ಕೋರ್ಟಿನ ಮದಿವಿಗೆ ಅರ್ಜಿ ಬಿತ್ತು. ಮೂರನೇ ದಿನ ಒಬ್ಬಾಕಿ ಬಂದು ನನ್ನ ಹತ್ತರನೇ ಆಣಿ ಮಾಡಿಸಿಕೊಂಡು ಎಲ್ಲಾ ಹೇಳಿದಳು. ಕೇಳಿ ನಾನೂ ಬಾಯಿ ಮ್ಯಾಲ ಕೈ ಇಟ್ಟೆ, ಇಷ್ಟೆಲ್ಲಾ ಆಗ್ಯದೇನು ಅಂತ.

ಎದುರಿನ ಖೋಲಿಯಾಕಿ ಮಗ ಕಾರಖಾನಿದಾಗ ಶಿಫ್ಟ್ ಮಾಡ್ತಾನ, ಮಾತು ಕಡಿಮಿ. ಸುದ್ದಿ ಅವನ ಕಿವಿಗೂ ಬಿತ್ತು. ಆಮ್ಯಾಲ, "ಐತವಾರ ಬಸ್ಸಿಗೆ ಭಾಲ್ಕಿಗೆ ಬಿಟ್ಟು ಬರ್ತೀನಿ. ಕಾಕಾನ ಮನ್ಯಾಗ ಇರು. ಇನ್ನ ಇಲ್ಲಿ ಬ್ಯಾಡ," ಅಂದ. ನಮ್ಮ ಎರಡು ಬಾಗಲಿನ ನಡುವ ನಾಕು ಹೆಜ್ಜಿ, ಎಲ್ಲಾ ಕೇಳಸ್ತದ.

ಆಕಿ ಅಳಲಿಲ್ಲ. "ಮಳಿ ಬರೂ ತನಕ ಇರ್ಲಾ?" ಅಂತ ಒಂದೇ ಮಾತು ಕೇಳಿದಳು.

"ಒಂದು ದಿನಾನೂ ಬ್ಯಾಡ."

ಚೀಲದಾಗ ಸೀರಿ ಮಡಚಿ ಇಡೂದು ಕಂಡಿತು. ಅವತ್ತು ನನಗ ಅನ್ನ ಸೇರಲಿಲ್ಲ. ರೊಟ್ಟಿ ಎರಡೇ ತಿಂದೆ. ನಿತ್ಯ ಮೂರು.

೪. ಗೋಡಿ ಬುಡಕ

ಶನಿವಾರ ಸಂಜಿ ಆಕಿ ಮಗ ನನ್ನ ಬಾಗಲಿಗೆ ಬಂದ. "ಕಣ್ಣಾರೆ ಕಂಡಾಕಿ ನೀವಂತ. ಬರ್ರಿ, ತೋರಸ್ರಿ." ಗಾಡಿ ಹಿಂದ ಕುಂದರಿಸಿಕೊಂಡು ಹೋದ. ಮುಳ್ಳು ಎರಡು ಇನ್ನೂ ಒಳಗೇ ಇದ್ವು, ರಸ್ತಾದಾಗ ತಗ್ಗು ಭಾಳ. ಪಾಪ ಮಾಡಿದವರಿಗೆ ಯಮ ಬ್ಯಾರೆ ಗಾಡಿ ಕಳಸೂದು ಬೇಕಾಗಿಲ್ಲ.

ಗೋಡಿ ಹತ್ತರ ಆಕಿ ಇದ್ದಳು, ಟೊಪಿಗಿಯವನೂ ಇದ್ದ. "ನೋಡು," ಅಂತ ಹುಡುಗನ ತೋಳು ತಿವಿದೆ. ಆಗ ಆಕಿ ಮಾತು ಕೇಳಿಸ್ತು:

"ನಾಳಿಗಿ ನನ್ನ ಕಳಸಲಿಕತ್ಯಾರ್ರಿ. ಮಳಿ ಬರೂ ತನಕ ಹೆಂಗಾರ ತಡಕೋರಿ."

ಹೇಳಿದ್ದು ಆ ಗಂಡಸಿಗಲ್ಲ. ಆಕಿ ಮುಂದ ಟೊಂಕದಷ್ಟು ಎತ್ತರದ ಒಂದು ಬಿಲ್ವಪತ್ರಿ ಗಿಡ. ಸುತ್ತ ಎಲ್ಲಾ ಒಣಗಿ ನಿಂತದ, ಅದೊಂದು ಚಿಗತದ. ಆಕಿ ಅದರ ಬುಡಕ ನೀರು ಸುರೀಲಿಕತ್ತಿದ್ಳು. ಟೊಪಿಗಿಯವ ಅಲ್ಲಿ ಗಿಡ ನೋಡಿಕೊಳ್ಳೂ ಮಾಳಿ, ನನಕಿಂತ ಮುದುಕ.

ಮಾಳಿ ಹೇಳಿದ, "ಈ ಗಿಡ ಒಣಗಿತ್ತು, ಕಿತ್ತು ಒಗೀತಿದ್ದೆ. ಈ ಮಾವಶಿ ಕೈ ಹಿಡದು ತಡದಳು. ಹೊರಗಿನ ಮಂದಿ ಇಲ್ಲಿ ಗಿಡ ಜ್ವಾಪಾನ ಮಾಡೂ ಹಂಗಿಲ್ಲ. ಯಾರಿಗೂ ಹೇಳಬ್ಯಾಡ, ನನ್ನ ನೌಕರಿ ಹೋಗ್ತದ ಅಂದೆ, ಹೇಳಲಿಲ್ಲ. ಅಮಾಸಿಗೆ ಎಡಿ ಇಡ್ತಾಳ, ಎಡಿ ದಂಡ ಆಗಬಾರದಂತ ನನಗ ತಿನಸ್ತಾಳ."

ಮಗ ತಾಯಿ ಮಾರಿ ನೋಡಿದ. ಆಕಿ ಅಂದಳು, "ನಿಮ್ಮಪ್ಪಗ ಮಣ್ಣು ಕೊಟ್ಟ ಜಾಗಾ ಯಾವುದು, ಹೇಳು? ಬಾಜೂಕ ಬಾಜೂಕ ಹುಗದು ಗುರುತೇ ಉಳದಿಲ್ಲ. ನಾ ಎರಡು ಸರ್ತಿ ಹೋಗಿ ಯಾರದೋ ಮಣ್ಣಿಗೆ ಹೂ ಇಟ್ಟು ಬಂದೀನಿ. ಈ ಗೋಡಿ ನಿಮ್ಮಪ್ಪ ಕಟ್ಟಿದ್ದು. ಇದು ಗೊತ್ತದ ನನಗ, ಅದಕ್ಕ ಇದರ ಬುಡದ ಗಿಡ ಅವರ ಹೆಸರಿಗೆ."

"ನನಗ್ಯಾಕ ಹೇಳಲಿಲ್ಲವ್ವಾ?"

"ನೀ ಎಲ್ಲಿ ಕೇಳಿದಿ? ದಿನಾ ಎಲ್ಲೀಗಿ ಹೊಂಟಿ ಅಂತ ನನ್ನ ಕೇಳಿದಾಕಿ ಈ ಅಕ್ಕ ಒಬ್ಬಾಕಿನೇ."

ಅಂವ ಎರಡನೇ ಬಾಟಲಿ ತಗೊಂಡು ತಾನೇ ಬಗ್ಗಿ ಸುರಿದ. ಐತವಾರದ ಬಸ್ಸು ಆಕಿನ್ನ ಬಿಟ್ಟು ಹೋತು. ಈಗ ಶಿಫ್ಟಿಗೆ ಹೋಗೂ ಮುಂದ ಬಾಟಲಿ ಅಂವನೇ ಒಯ್ತಾನ.

ನಾ ಮತ್ತ ಏಳೂ ಮನಿಗೆ ಹೋಗಿ ಖರೆ ಏನಂತ ಹೇಳಿದೆ. ಆಣಿ ಹಾಕಿಸಲಿಲ್ಲ, ಅದಕ್ಕೇ ಯಾರೂ ಕಿವಿಗೊಡಲಿಲ್ಲ. "ಗಿಡಕ್ಕ ನೀರು ಹಾಕ್ತಾಳಾ? ಅಷ್ಟೇನಾ?" ಅಂದು ಟಿವಿ ಕಡಿ ಹೊಳ್ಳಿದರು. ಒಬ್ಬಾಕಿಯಂತೂ, "ನೀವು ಯಾರದೋ ಮಾತು ಕೇಳಿ ಬಂದೀರಿ ಅಕ್ಕಾ, ಮದಿವಿ ಆಗೂದು ಪಕ್ಕಾ," ಅಂತ ನನಗೇ ತಿಳಿಸಿ ಹೇಳಿದಳು.

೫. ನಾಕು ಹೆಜ್ಜಿ

ಸೋಮವಾರ ಆ ನಾಕು ಹೆಜ್ಜಿ ದಾಟಾಕ ನನಗ ಮಧ್ಯಾಹ್ನ ಆತು. ನಮ್ಮ ಮನಿಯವರು ತೀರಿ ಹನ್ನೆರಡು ವರ್ಷ. ಅವರ ಹೆಸರಿಲೆ ನಾ ಒಂದು ತಂಬಿಗಿ ನೀರು ಯಾವ ಗಿಡಕ್ಕೂ ಹಾಕಿಲ್ಲ. ಅದೆಲ್ಲಾ ಹೇಳೂಣಂತ ಹೋದೆ. ಬಾಯಿಂದ ಬಂದದ್ದು, "ತಪ್ಪಾತು ತಂಗಿ," ಅಷ್ಟೇ.

ಆಕಿ ಚಾ ಕೊಟ್ಟಳು. ಸಿಟ್ಟಿಲ್ಲ, ಸೆಡವಿಲ್ಲ. ನಾ ಬಶಿಗೆ ಚಾ ಸುರಕೊಂಡು ಬಾಯಿಗೆ ಹಚ್ಚೂ ಹೊತ್ತಿಗೆ ನನ್ನ ಮಾರಿ ನೋಡಿ ಅಂದಳು:

"ಅಕ್ಕಾ, ಅಮಾಸಿ ದಿನ ನೀವು ಅಡಗಿ ಕುಂತದ್ದು ಅವತ್ತೇ ಕಂಡಿದ್ದೆ. ನೀವು ಹ್ವಾದ ಮ್ಯಾಲ ನಿಮ್ಮ ಹೆಸರಿಗೆ ಅದೇ ಕಳ್ಳಿ ಇರ್ಲಿ ಅಂತ ಮಾಳಿಗೆ ಹೇಳಿಟ್ಟೀನ್ರಿ. ಅದಕ್ಕ ಯಾರೂ ನೀರು ತರದಿದ್ರೂ ನಡೀತದ."