ಒಂದು ತಟ್ಟೆ ಹಳದಿ ಮಣ್ಣು

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಬೆಳಿಗ್ಗೆ ರಂಗಂಪೇಟೆಯ ವೆಂಕಟಪ್ಪ ಎದ್ದು ನೋಡುತ್ತಾನೆ, ಕಟ್ಟೆಯ ಮೇಲೆ ಆರಲಿಟ್ಟಿದ್ದ ಹಳದಿ ಮಣ್ಣು ತಟ್ಟೆ ಸಮೇತ ಮಾಯ.

ಓಣಿಗೆ ಅದು ಮಣ್ಣು, ವೆಂಕಟಪ್ಪನಿಗೆ ಬಣ್ಣ. ಮೂವತ್ತು ವರ್ಷ ಶಾಲೆಯ ಗಂಟೆ ಬಾರಿಸಿ ನಿವೃತ್ತನಾದ ಮೇಲೆ ಅವನಿಗೆ ಹತ್ತಿದ ಹುಚ್ಚು ಇದೊಂದೇ. ಮಸಾರಿ ಹೊಲದ ಕೆಂಪು, ಎರೆ ಹೊಲದ ಕಪ್ಪು, ಹಳ್ಳದ ದಂಡೆಯ ಹಳದಿ ಮಣ್ಣು ತಂದು, ಕುಟ್ಟಿ, ಸೋಸಿ, ಜಾಲಿ ಅಂಟು ಕಲಸಿ ಗುಡ್ಡ, ಹೊಲ, ಮುಗಿಲು ಬರೆಯುವುದು. ಯಾದಗಿರಿಯ ಚಿತ್ರ ಪ್ರದರ್ಶನದವರು ಈ ಸಲ ಮೊದಲ ಬಾರಿಗೆ ಅವನನ್ನೂ ಕರೆದಿದ್ದರು. ಸುರಪುರದ ಗುಡ್ಡ ಮುಗಿದಿತ್ತು. ಅದರ ಮುಂದಿನ ಜೋಳದ ಹೊಲಕ್ಕೆ ಹಳದಿ ಬಳಿಯುವುದೊಂದೇ ಬಾಕಿ. ಇವತ್ತೇ ಸಂಜೆ ಐದರೊಳಗೆ ಚಿತ್ರ ಅಲ್ಲಿ ಮುಟ್ಟಬೇಕು.

ಹೆಂಡತಿ ಬಸ್ಸಮ್ಮನನ್ನು ಕೇಳೋಣವೆಂದರೆ ಆಕೆ ನಸುಕಿನ ಬಸ್ಸಿಗೇ ಹುಣಸಗಿಯ ತಂಗಿಯ ಮನೆಗೆ ಹೋಗಿದ್ದಳು. ಫೋನು ಹಚ್ಚಿದರೆ ಆಕೆಯ ಮೊಬೈಲು ಹಿಟ್ಟಿನ ಡಬ್ಬಿಯ ಮೇಲೆ ಕೂತು ಹಾಡುತ್ತಿತ್ತು.

ಪಕ್ಕದ ಮನೆಯ ದುರಗಮ್ಮನ ದೇವರ ಜಗುಲಿಗೆ ಕಣ್ಣು ಹೋಯಿತು. ಹಳದಿ ಮಣ್ಣೆತ್ತಿನ ಜೋಡಿ, ಮದುಮಕ್ಕಳಂತೆ ಹೂವು ಮುಡಿದು ನಿಂತಿದೆ.

"ದುರಗವ್ವಾ, ಇದು ನನ್ನ ಹೊಲ!"

"ಹುಚ್ಚು ಹಿಡದದೇನ್ ಯಣ್ಣಾ? ಇವು ಎತ್ತು."

"ನನ್ನ ಮಣ್ಣಿನ್ಯಾಗ ಮಾಡೀದಿ."

"ಹಳ್ಳದ ಮಣ್ಣಿಗೆ ನೀ ಯಾವಾಗ ಮಾಲಕ ಆದಿ? ಪೂಜಿ ಆಗ್ಯಾದ. ನೀರಿಗೆ ಬಿಡೂತನಕ ಮುಟ್ಟಂಗಿಲ್ಲ."

ಹೊಸ ಮಣ್ಣು ತಂದು ಕುಟ್ಟಿ ಸೋಸುವಷ್ಟು ಹೊತ್ತಿರಲಿಲ್ಲ; ಬದಲಿಗೆ ಬೇರೆ ಜೋಡಿ ತಂದುಕೊಡುತ್ತೇನೆಂದು ವೆಂಕಟಪ್ಪ ಸುರಪುರದ ಕುಂಬಾರರ ಓಣಿಗೆ ಓಡಿದ. ಬರುವಾಗ ಆಟೋ ಗುಂಡಿಯಲ್ಲಿ ಕುಣಿದ ರಭಸಕ್ಕೆ ಎರಡು ಕೊಂಬು ಮುರಿದವು.

"ಕೊಂಬಿಲ್ಲದ್ದು ಕೊಟ್ಟು ಕೊಂಬಿದ್ದದ್ದು ಒಯ್ಯಾಂವ? ಭಾಳ ಶಾಣ್ಯಾ ಅದಿಯಪ್ಪಾ!" ಎಂದಳು ದುರಗಮ್ಮ.

ಗಂಟೆ ಹನ್ನೆರಡಾಯಿತು. ಬಿಸಿಲಲ್ಲಿ ತಿರುಗಿ ವೆಂಕಟಪ್ಪ ಹಿಂಡಿದ ಅರಿವೆಯಂತಾಗಿದ್ದ. ಆಚೆ ಮನೆಯ ಮಸ್ತಾನಬಿ ಗೋಡೆಯ ಮೇಲಿಂದ ಇಣುಕಿದಳು.

"ದುರಗವ್ವಾ, ಎತ್ತು ನೀರಿಗೇ ಬಿಡೂದು ಹೌದಲ್ಲ? ಈ ಅಣ್ಣ ಮಣ್ಣು ಸೋಸೂ ಬೋಗಾಣ್ಯಾಗ ಇರೂದೂ ನೀರೇ. ಅದರಾಗ ಬಿಟ್ಟು, ಕರಗಿದ ಮಣ್ಣು ಅವಂಗೇ ಉಳಿಸಿ ಪಾಪ ಆ ಜೀವಕ್ಕ ನೆಮ್ಮದಿ ಕೊಡು."

ದುರಗಮ್ಮ ಒಪ್ಪಿದಳು. "ಆದ್ರ ಮರ್ಯಾದಿಲೆ ಕಳಸಬೇಕು. ಜಾಗಟಿ ಬೇಕು, ಆರತಿ ಬೇಕು. ಎತ್ತು ಇಡಾಕ ಒಂದು ಹಲಗಿ ಕೊಡು."

ವೆಂಕಟಪ್ಪ ಅಂಗಳದಲ್ಲಿ ಅಂಟು ಕಲಸುತ್ತಿದ್ದ. ತಲೆ ಎತ್ತದೆ ಹೇಳಿದ: "ಒಳಗ ಯಾವದಾರೆ ಇರ್ತದ, ತಗೋ ತಾಯಿ. ಲಗೂನ ಮುಗಸು."

ಜಾಗಟೆಯ ಸದ್ದಿಗೆ ಓಣಿಯೇ ಕೂಡಿತು. ಮನೆ ಮುಂದೆಯೇ ನೀರು ಸಿಕ್ಕಿತಲ್ಲ ಎಂದು ಎಲ್ಲರೂ ತಮ್ಮ ತಮ್ಮ ಎತ್ತು ತಂದರು. ಕರಿ ಎತ್ತು, ಕೆಂಪು ಎತ್ತು, ಮೇಲೆ ಕುಂಕುಮ, ಕಡುಬಿನ ಚೂರು. ಬೋಗಾಣಿ ಎಮ್ಮೆ ಹೊರಳಿದ ಹೊಂಡವಾಯಿತು. ವೆಂಕಟಪ್ಪ ಕಟ್ಟೆಗೆ ಕುಸಿದ. ಬಯ್ಯಲಿಕ್ಕೂ ತ್ರಾಣ ಬೇಕಲ್ಲ.

ಅಷ್ಟರಲ್ಲಿ ಬಸ್ಸಮ್ಮ ಬಸ್ಸಿಳಿದು ಬಂದಳು. ಕತೆಯೆಲ್ಲ ಕೇಳಿ, ಒಳಗೆ ಹೋಗಿ, ಅಟ್ಟದ ಮೇಲಿಂದ ತಟ್ಟೆ ಇಳಿಸಿದಳು. ತುಂಬ ಹಳದಿ, ಒಂದು ಚಿಟಿಕೆಯೂ ಕಡಿಮೆಯಿಲ್ಲ.

"ಇವತ್ತ ಅಮಾಸಿ, ಮಣ್ಣು ಹೊರಗಿದ್ರ ಯಾರರೆ ಎತ್ತು ಮಾಡ್ಯಾರು ಅಂತ ನಸಕಿನ್ಯಾಗ ನಾನೇ ಎತ್ತಿಟ್ಟೀನಿ. ನಿನ್ನೆ ದುರಗವ್ವಗ ಹಳ್ಳದಾಗ ಹಳದಿ ಮಣ್ಣಿನ ಜಾಗಾ ತೋರಿಸಿದಾಕಿನೂ ನಾನೇ."

ವೆಂಕಟಪ್ಪನಿಗೆ ಹೋದ ಜೀವ ಬಂತು. ಯಾದಗಿರಿ ಬಸ್ಸಿಗೆ ಇನ್ನೂ ಒಂದು ತಾಸಿದೆ. ಕುಂಚ ಹಿಡಿದು ಒಳಗೆ ಓಡಿದ. ಗೋಡೆಗೆ ಒರಗಿಸಿದ್ದ ಚಿತ್ರ ಇಲ್ಲ.

"ಅದನ್ನ ಹುಡಕಾಕತ್ತೀಯೇನು?" ದುರಗಮ್ಮ ಹೂವು ಸರಿಸಿ ಹಲಗೆ ಮುಂದೆ ಹಿಡಿದಳು. "ಒಳಗ ಇದ್ದದ್ದು ಇದೊಂದೇ ಹಲಗಿ. ಮ್ಯಾಲ ಹೊಲ ಬರದಿದ್ದಿ, ಎತ್ತಿಗೆ ಇದಕ್ಕಿಂತ ಚಲೋ ಜಾಗಾ ಯಾವದು ಅಂತ ಅಲ್ಲೇ ನಿಲ್ಲಿಸಿ ಹಾಲು, ನೀರು ಹಾಕೀನಿ."

ಮುಗಿಲು ಗುಡ್ಡಕ್ಕೆ ಇಳಿದಿತ್ತು, ಗುಡ್ಡ ಹೊಲಕ್ಕೆ, ಹೊಲ ದುರಗಮ್ಮನ ಸೀರೆಗೆ. ಹಲಗೆಗೆ ಅಂಟಿಸಿದ್ದ ಕಾಗದದ ಮೇಲೆ ಉಳಿದದ್ದು ಎಂಟು ಗೊರಸಿನ ಗುರುತು.

ಯಾದಗಿರಿ ಬಸ್ಸು ಹಾರ್ನ್ ಹೊಡೆದು ಹೋಯಿತು. ವೆಂಕಟಪ್ಪ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕೂತೇ ಇದ್ದ.

"ಯಣ್ಣಾ," ಎಂದಳು ದುರಗಮ್ಮ ಮೆಲ್ಲಗೆ, "ಆ ಮಣ್ಣು ಸುಮ್ಮನ ಕೆಡಸಬ್ಯಾಡ. ನನ್ನ ಒಲಿ ಸಾರಸಾಕರೆ ಆಗ್ತದ."

ವೆಂಕಟಪ್ಪ ತಟ್ಟೆ ಮುಂದೆ ಚಾಚಿದ.