ಅಮಲ್ದಾರರ ತಾಯಿ ಬೆಟ್ಟ ಹತ್ತಿದ್ದು

ಕಾಡು ಕಾಯುವ ಗಾರ್ಡಿಗೆ ಪ್ರಾಣಿಗಳಿಂದ ಅಂಥ ತೊಂದರೆಯೇನಿಲ್ಲ. ತೊಂದರೆಯೆಲ್ಲ ಬೆಟ್ಟ ನೋಡಲು ಬರುವ ದೊಡ್ಡವರ ಮನೆಯವರಿಂದ. ಮೊಳಕಾಲ್ಮೂರು ಕಡೆಯ ಬೆಟ್ಟದಲ್ಲಿ ನಾನಿದ್ದಷ್ಟು ವರ್ಷವೂ, ದೀಪಾವಳಿ ಹಿಂದುಮುಂದು ಸೀತಾಫಲ ಹಣ್ಣಾಗುವ ಹೊತ್ತಿಗೆ ಒಂದಲ್ಲ ಒಂದು ಆಗುತ್ತಲೇ ಇತ್ತು. ಮೊದಲನೇ ವರ್ಷದ್ದನ್ನು ಕೇಳಿ.

೧. ಅಪ್ಪಣೆ

ಅಮಲ್ದಾರರ ತಾಯಿಗೆ ಬೆಟ್ಟದ ಮೇಲಿನ ಈಶ್ವರನ ಗುಡಿ ನೋಡುವ ಆಸೆ. ಅಮಲ್ದಾರರು ನನ್ನನ್ನು ಕರೆಸಿದರು.

"ನಮ್ಮಮ್ಮ ಮಡೀಲಿ ಹತ್ತುತ್ತಾರೆ. ಅವರ ಕೂದಲೂ ಕೊಂಕಬಾರದು, ಯಾರೂ ಅವರನ್ನ ಮುಟ್ಟಲೂಬಾರದು. ಎರಡರಲ್ಲಿ ಒಂದು ತಪ್ಪಿದ್ರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

ಸರ್ಕಾರದ ಕೆಲಸ ಸಿಕ್ಕು ಆಗಿನ್ನೂ ಮೂರು ತಿಂಗಳು. ಅದನ್ನು ನೋಡಿಯೇ ಚಳ್ಳಕೆರೆಯವರು ಹೆಣ್ಣು ಕೊಡಲು ಒಪ್ಪಿದ್ದರು.

"ಜಾರಿ ಬಿದ್ರೆ ಹಿಡ್ಕೊಬೌದೇನ್ರಿ ಸ್ವಾಮಿ?" ಅಂದೆ.

ಅಮಲ್ದಾರರು ಬಹಳ ಹೊತ್ತು ಯೋಚಿಸಿ, "ಬೀಳದ ಹಾಗೆ ನೋಡ್ಕೋ" ಅಂದರು.

೨. ಸಿಪ್ಪೆ

ಅಜ್ಜಿಗೆ ಎಪ್ಪತ್ತರ ಮೇಲೆ. ಗಾಡಿ ಇಳಿದವರೇ ಬೆಟ್ಟದ ಬುಡದ ಹಳ್ಳದಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಹೊರಟರು. ಅವರ ಕಾಲಡಿ ಕಲ್ಲು ಉರುಳಿದಾಗಲೆಲ್ಲ ನಾನು ಕೈ ಚಾಚಿ, ಅಪ್ಪಣೆ ನೆನಪಾಗಿ ಹಿಂದಕ್ಕೆಳೆದುಕೊಳ್ಳುತ್ತಿದ್ದೆ. ಅವರೇನೋ ಸಲೀಸಾಗಿ ಏರುತ್ತಿದ್ದರು.

ಅರ್ಧ ದಾರಿಯಲ್ಲಿ ಸೀತಾಫಲದ ಸಿಪ್ಪೆ, ಬೀಜ ಚೆಲ್ಲಾಡಿದ್ದವು. ಸಿಪ್ಪೆ ಇನ್ನೂ ಹಸಿ. ಕರಡಿ ಈಗಷ್ಟೇ ತಿಂದು ಹೋಗಿದೆ ಅಂತ ನನಗೆ ಗೊತ್ತಾಯಿತು. ಹೇಳಿದರೆ ಅಜ್ಜಿ ಹೆದರಿ ಬಿದ್ದಾರು ಅಂತ ಬಾಯಿ ಬಿಡಲಿಲ್ಲ.

"ಯಾರಪ್ಪ ಇದು, ದಾರೀಲೇ ತಿಂದು ಉಗಿದು ಹೋಗಿರೋದು?"

"ಇಲ್ಲೇ ಇರೋರು ಅಮ್ನೋರೆ. ದಿನಾ ಬರ್ತಾರೆ."

"ಸಿಕ್ಕಿದ್ರೆ ತೋರಿಸು. ನಾಲ್ಕು ಮಾತು ಹೇಳ್ತೀನಿ."

೩. ಭೇಟಿ

ತಿರುವಿನಲ್ಲಿ ಪೊದೆ ಅಲುಗಿತು. ಕರಡಿ ಹೊರಬಂದು, ಹತ್ತು ಮಾರು ದೂರದಲ್ಲಿ ಹಿಂಗಾಲ ಮೇಲೆ ಎದ್ದು ನಿಂತಿತು. ನಮ್ಮ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಮರಿ. ಓಡಿದರೆ ಅದು ಅಟ್ಟಿಸಿಕೊಂಡು ಬರುತ್ತದೆ, ಅಜ್ಜಿಯಂತೂ ಓಡಲಾರರು. ನನ್ನ ಕೈಲಿದ್ದ ದೊಣ್ಣೆ ಯಾವಾಗ ಬಿತ್ತೋ ತಿಳಿಯದು. ನಿಜ ಹೇಳುತ್ತೇನೆ, ಅಷ್ಟು ಭಯ ಮತ್ತೆಂದೂ ಪಟ್ಟಿಲ್ಲ.

ಅಜ್ಜಿ ಸೆರಗು ಬಿಗಿದರು. ಅಡುಗೆಮನೆ ಹೊಸಿಲಿಗೆ ಬಂದ ಮೊಮ್ಮಗನನ್ನು ತಡೆಯುವ ಹಾಗೆ ಕೈ ಮುಂದೆ ಮಾಡಿ, "ಅಲ್ಲೇ ನಿಲ್ಲು. ಮಡೀಲಿದೀನಿ, ಮುಟ್ಟಬೇಡ" ಅಂದರು.

ಕರಡಿ ಗಾಳಿ ಮೂಸಿತು. ಅವರು ಇನ್ನೊಂದು ಸಲ ಗದರಿದರು. ಅದು ಮುಂಗಾಲು ಊರಿ, ಬಂದ ಪೊದೆಗೇ ತಿರುಗಿ ಹೋಯಿತು.

"ಅದು ಹೋಯ್ತು. ಇನ್ನು ನೀನು ಬಿಡು" ಅಂದರು ಅಜ್ಜಿ.

ಆಗ ನೋಡಿಕೊಂಡೆ. ನಾನು ಅವರ ಬೆನ್ನ ಹಿಂದೆ ನಿಂತು, ಎರಡೂ ಕೈಯಲ್ಲಿ ಅವರ ತೋಳನ್ನು ಅಪ್ಪಿ ಹಿಡಿದಿದ್ದೆ.

೪. ವಿಚಾರಣೆ

ಹಳ್ಳಕ್ಕಿಳಿದು ಅಜ್ಜಿ ಮತ್ತೆ ಮಿಂದರು, ಮತ್ತೆ ಹತ್ತಿದರು, ದರ್ಶನ ಮುಗಿಸಿದರು. ಚಳ್ಳಕೆರೆಯ ಬೀಗರಿಗೆ ಏನು ಹೇಳಲಿ ಅಂತ ನನಗೆ ಅದೇ ಯೋಚನೆ.

ಊರಿಗೆ ಮರಳಿದಾಗ ಅಮಲ್ದಾರರು ಮನೆ ಬಾಗಿಲಲ್ಲೇ ಕೇಳಿದರು. "ಯಾರೂ ಮುಟ್ಟಲಿಲ್ಲ ತಾನೇ ಅಮ್ಮ?"

"ಕರಡಿ ಬಂತು. ಮಡೀಲಿದೀನಿ ಅಂದೆ, ಪಾಪ, ಹೊರಟುಹೋಯ್ತು. ಇವನು ಗಟ್ಟಿಯಾಗಿ ಹಿಡ್ಕೊಂಡ."

ಅಮಲ್ದಾರರ ಮುಖ ಕೆಂಪಾಯಿತು. ನಾನು ಸರ್ಕಾರ ಕೊಟ್ಟಿದ್ದ ಸೊಂಟದ ಪಟ್ಟಿ ಬಿಚ್ಚಿ ಕೊಡಲು ಕೈ ಹಾಕಿದೆ.

"ಕೆಲಸದಿಂದ ತೆಗೀಬೇಡ ಕಣೋ" ಅಂದರು ಅಜ್ಜಿ. "ಇಷ್ಟು ಹೆದರೋನಿಗೆ ಇನ್ಯಾರು ಕೆಲಸ ಕೊಡ್ತಾರೆ?"