ಜೇಬಿರುವ ಲುಂಗಿಯ ದೊಡ್ಡ ಮನುಷ್ಯ

ಟೈಲರ್ ಅಂಗಡಿಯಲ್ಲಿ ಕೂತವಳು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಗುವೇ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬರುತ್ತದೆ. ಹಲಸೂರಿನ ನನ್ನ ಅಂಗಡಿಗೆ ಹತ್ತೊಂಬತ್ತು ವರ್ಷಗಳಲ್ಲಿ ಎಂಥೆಂಥವರೋ ಬಂದಿದ್ದಾರೆ. ಆದರೆ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದವನು ಇವನೊಬ್ಬನೇ.

೧. ಗುಂಡುಸೂಜಿಯ ಕೆಳಗಿನ ದೇಶ

ಅವನ ಬೆನ್ನಿಗೇ ಪಕ್ಕದ ಬೇಕರಿಯ ಭಾಯಿ ಓಡಿಬಂದ. “ಅಕ್ಕಾ, ಪೈಲ್ವಾನ್!”

ಈ ಊರಿಗೆ ಬಂದಾಗಿನಿಂದ ಕೇಳಿ ಕೇಳಿ ಆ ಮಾತು ಬಂದವನಿಗೆ ಅರ್ಥವಾಗುತ್ತಿತ್ತು. “ಪೈಲ್ವಾನ್ ಅಲ್ಲ, ಕಾಮಿಡಿಯನ್,” ಅಂದ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಅಂಗಡಿ ಬೋರ್ಡು, ಪೊಟ್ಟಣದ ಪೇಪರು ಓದಿ ನಾನೇ ಕಲಿತದ್ದು. ವ್ಯಾಕರಣ ಇಲ್ಲ, ಧೈರ್ಯ ಇದೆ.

ಕಥೆ ಇಷ್ಟು. ಅವನದು ಸಮೋವಾ ದೇಶ. ಹೆಸರು ಮಾಡಬೇಕೆಂದು ತಾನು ಊರೂರು ಅಲೆದದ್ದನ್ನೇ ಒಂದು ಗಂಟೆ ಒಬ್ಬನೇ ನಿಂತು ಹೇಳಿ ನಗಿಸುವುದು ಅವನ ಕೆಲಸ. ಶನಿವಾರ ಇಂದಿರಾನಗರದಲ್ಲಿ ಶೋ. ವಿಮಾನದಲ್ಲಿ ಸೂಟ್‌ಕೇಸ್ ಕಳೆದಿದೆ. ಮೈಮೇಲಿದ್ದ ಒಂದೇ ಒಂದು ಲುಂಗಿ ಆಟೋದಿಂದ ಇಳಿಯುವಾಗ ಹರಿದಿದೆ. ಅದೂ ಎಂಥ ಲುಂಗಿ! ದಪ್ಪ ಕರಿ ಬಟ್ಟೆ, ಸೊಂಟಕ್ಕೆ ಪಟ್ಟಿ, ಎರಡು ಕಡೆ ಜೇಬು. ಅವರ ಕಡೆ ಆಫೀಸಿಗೂ ಚರ್ಚಿಗೂ ಗಂಡಸರು ಅದನ್ನೇ ಉಡುತ್ತಾರಂತೆ. ಶೋ ಹೊತ್ತಿಗೆ ಅಂಥದೇ ಹೊಸದೊಂದು ಹೊಲಿದುಕೊಡಬೇಕಂತೆ.

“ಸಮೋವಾ ಗೊತ್ತಾ?” ಅಂದ.

ಗೊತ್ತಿಲ್ಲ ಅನ್ನುವ ಅಭ್ಯಾಸ ನನಗಿಲ್ಲ. “ಗೊತ್ತು ಗೊತ್ತು,” ಅಂದೆ. ಅವನು ಹೋದಮೇಲೆ ಶಿವಾಜಿನಗರದ ಫುಟ್‌ಪಾತಿನಲ್ಲಿ ಕೊಂಡಿದ್ದ ಹಳೇ ಅಟ್ಲಾಸ್ ತೆಗೆದು, ಸಮುದ್ರದ ನಡುವೆ ಅದನ್ನು ಪತ್ತೆಹಚ್ಚಿ, ಗುರುತಿಗೆ ಕೆಂಪು ತಲೆಯ ಗುಂಡುಸೂಜಿ ಚುಚ್ಚಿದೆ. ಮಾರನೇ ದಿನ ಹೆಮ್ಮೆಯಿಂದ ತೋರಿಸಿದೆ.

ಅವನು ಬಹಳ ಹೊತ್ತು ನೋಡಿದ. “ಮೇಡಂ, ಇಡೀ ದೇಶ ಸೂಜಿಯ ಕೆಳಗೆ ಮುಚ್ಚಿಹೋಗಿದೆ,” ಅಂದ. “ನಮ್ಮಮ್ಮ ಇದನ್ನೇ ಹೇಳೋದು. ನೀನು ಫೇಮಸ್ ಆಗೋದು ಆಮೇಲೆ, ಮೊದಲು ದೇಶ ಕಾಣಿಸೋ ಹಾಗೆ ಮಾಡು ಅಂತ.”

೨. ಟ್ರಯಲ್

ನಾನು ಹೆಂಗಸರ ಬಟ್ಟೆಯ ಟೈಲರ್. ಕೈಗೆ ಒಂದು ಅಭ್ಯಾಸ ಆಗಿಬಿಟ್ಟಿರುತ್ತದೆ. ಸೊಂಟದ ಅಳತೆ ತೆಗೆದದ್ದಷ್ಟೇ ಗೊತ್ತು, ಕೈ ತನ್ನ ಪಾಡಿಗೆ ತಾನು ನೆರಿಗೆ ಹಿಡಿದು, ಲಾಡಿ ಹಾಕಿ ಮುಗಿಸಿತ್ತು. ಜೇಬನ್ನೂ ಹೆಂಗಸರ ಲೆಕ್ಕದಲ್ಲೇ ಇಟ್ಟಿದ್ದೆ: ಒಂದು ಬಸ್ ಟಿಕೆಟ್ ಹಿಡಿಯುವಷ್ಟು. ಅವನು ಎರಡು ಬೆರಳು ತೂರಿಸಿದ. ಹೊರಗೆ ಬರಲಿಲ್ಲ.

ಹಾಗೇ ಬೆರಳು ಸಿಕ್ಕಿಸಿಕೊಂಡು, ಬೇಕರಿಯ ಗಾಜಿನಲ್ಲಿ ನೋಡಿಕೊಳ್ಳಲು ಹೊರಗೆ ನಿಂತ. ಅಷ್ಟರಲ್ಲಿ ನಾಲ್ಕು ಸಲ ‘ನಾಳೆ ಬನ್ನಿ’ ಅನ್ನಿಸಿಕೊಂಡಿದ್ದ ಗಿರಾಕಿಯೊಬ್ಬಳು ಬಂದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಏನ್ರೀ ಅಕ್ಕಾ, ನನ್ನ ಕರಿ ಲಂಗ ಇನ್ನೂ ಆಗಿಲ್ಲ ಅಂದ್ರಿ. ಮತ್ತೆ ಅವರು ಉಟ್ಕೊಂಡು ನಿಂತಿರೋದು ಯಾರ್ದು?”

೩. ಬಾಯಿ ಬಿಡಬಾರದ ಕೆಲಸ

ಅವನ ಲಂಗವನ್ನು ಬಿಚ್ಚಿ, ಕೈ ಹಿಡಿಯುವಷ್ಟು ಜೇಬಿಟ್ಟು, ಲುಂಗಿಯಾಗಿ ಮತ್ತೆ ಹೊಲಿದೆ. ಈ ಗಡಿಬಿಡಿಯಲ್ಲಿ ನನ್ನ ಟೇಪು ಎಲ್ಲೋ ಕಳೆದುಹೋಯಿತು. ಹೊಸ ಟೇಪು, ಸೊಂಟದ ಬಕಲ್ ಎರಡನ್ನೂ ತರಲು ಅವನನ್ನೇ ಕರೆದುಕೊಂಡು ಶಿವಾಜಿನಗರಕ್ಕೆ ಹೋದೆ. ದಾರಿಯಲ್ಲಿ ತನ್ನ ಸಂಕಟ ಹೇಳಿಕೊಂಡ. “ಹನ್ನೊಂದು ಊರಲ್ಲಿ ಶೋ ಮಾಡಿದೀನಿ ಮೇಡಂ. ಮಾರನೇ ದಿನ ಬೀದಿಯಲ್ಲಿ ಒಬ್ಬನಾದರೂ ‘ನಿನ್ನೆಯ ಶೋ ನಿಮ್ಮದೇ ಅಲ್ವಾ’ ಅಂತ ಕೇಳ್ಲಿಲ್ಲ. ಈ ಊರಲ್ಲಿ ಒಬ್ಬ ಕೇಳಿದ್ರೆ ಸಾಕು.”

ಹಾಗೆಂದು ಬಾಯಿ ಮುಚ್ಚುವಷ್ಟರಲ್ಲಿ ಬಿಳಿ ಷರಟಿನವರೊಬ್ಬರು ಅಡ್ಡ ಬಂದರು. ಕೆ.ಆರ್. ಪುರದ ಕಡೆಯ ಜಮೀನುದಾರರು. “ಅಮ್ಮಾ, ಇವ್ರನ್ನ ಒಂದು ಮಾತು ಕೇಳಿ. ನಮ್ದೊಂದು ಸೈಟ್ ತಕರಾರಿದೆ. ದಿನಾ ಬೆಳಿಗ್ಗೆ ಬಂದು ಗೇಟಲ್ಲಿ ನಿಂತ್ರೆ ಸಾಕು. ಬಾಯಿ ಮಾತ್ರ ಬಿಡಬಾರ್ದು.”

ನಾನು ತಿಳಿಸಿದೆ. “ಬಾಯಿ ಬಿಡೋದೇ ನನ್ನ ಕೆಲಸ, ಜನ ನಗ್ತಾರೆ,” ಅಂದ ಅವನು. ಅದನ್ನೂ ತಿಳಿಸಿದೆ.

ಜಮೀನುದಾರರು ಮರುಕದಿಂದ ಅವನ ಬೆನ್ನು ತಟ್ಟಿದರು. “ನಕ್ಕರೆ ನಗ್ಲಿ ಗುರು, ಮನಸ್ಸಿಗೆ ಹಚ್ಕೋಬೇಡ. ಅದಕ್ಕೇ ಬಾಯಿ ಬಿಡಬೇಡ ಅಂದಿದ್ದು.”

೪. ಪೋಸ್ಟರ್

ಟಿಕೆಟ್ ಹೋಗುತ್ತಿಲ್ಲ ಎಂದು ತಿಳಿದು ಅವನ ಪೋಸ್ಟರನ್ನು ನನ್ನ ಅಂಗಡಿಯ ಗಾಜಿಗೆ ಅಂಟಿಸಿದೆ. ಎರಡು ದಿನದಲ್ಲಿ ಒಂಬತ್ತು ಜನ ನಿಂತು ನೋಡಿ ಒಳಗೆ ಬಂದರು. ಒಂಬತ್ತೂ ಜನ ಕೇಳಿದ್ದು ಒಂದೇ: “ಈ ಸೈಜಿಗೂ ಹೊಲೀತೀರಾ?”

೫. ಶೋ

ಅವನು ಎರಡು ಪಾಸು ಕೊಟ್ಟ. ಪುಕ್ಕಟೆ ಪಾಸಿನಲ್ಲಿ ಕೂತು ನಗುವ ಹೆಂಗಸು ನಾನಲ್ಲ. ಟಿಕೆಟ್ ಕೊಂಡೇ ಬೇಕರಿ ಭಾಯಿಯನ್ನು ಕರೆದುಕೊಂಡು ಹೋದೆ. ಹೋಟೆಲಿನ ಮಹಡಿ ಮೇಲೆ ಪುಟ್ಟ ಹಾಲ್, ಮೂವತ್ತು ಜನ. ಮೊದಲ ಹತ್ತು ನಿಮಿಷ ಒಬ್ಬರೂ ತುಟಿ ಬಿಚ್ಚಲಿಲ್ಲ. ಅವನ ಹಣೆಯಲ್ಲಿ ಬೆವರು. ನಗುತ್ತಿದ್ದವನು ಇಂಗ್ಲಿಷ್ ಬಾರದ ಭಾಯಿ ಒಬ್ಬನೇ.

“ಏನು ಅರ್ಥ ಆಯ್ತೋ?” ಅಂದೆ ಪಿಸುಮಾತಿನಲ್ಲಿ.

“ಏನೂ ಇಲ್ಲ ಅಕ್ಕಾ. ಪಾಪ, ಒಬ್ಬರಾದ್ರೂ ನಗಬೇಡ್ವಾ?”

ಸ್ಟೇಜಿನ ಮೇಲೆ ಅವನಿಗೆ ಮಾತು ನಿಂತುಹೋಯಿತು. ಕೈ ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿದ. ಏನೋ ಸಿಕ್ಕಿತು, ಎಳೆದ. ಹಳದಿ ಪಟ್ಟಿ. ಇನ್ನೂ ಎಳೆದ, ಇನ್ನೂ ಬಂತು.

ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಎದ್ದು ನಿಂತು ಕೂಗಿದೆ: “ಅಯ್ಯೋ, ನನ್ನ ಟೇಪು! ಮೂರು ದಿನದಿಂದ ಹುಡುಕ್ತಿದೀನಿ ಕಣೋ!”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅವನ ಮುಖ ಅರಳಿತು. ಬರೆದು ತಂದದ್ದನ್ನೆಲ್ಲ ಬಿಟ್ಟು ಲಂಗ, ಬೆರಳು, ಸೈಟು, ಗುಂಡುಸೂಜಿ ಎಲ್ಲವನ್ನೂ ಹೇಳಿದ. ನಡುನಡುವೆ ತಪ್ಪು ಹೇಳಿದಾಗ ನಾನು ಕೂತಲ್ಲಿಂದಲೇ ತಿದ್ದಿದೆ. ಕೆಲಸದ ವಿಷಯದಲ್ಲಿ ಸುಳ್ಳು ನಾನು ಸಹಿಸುವುದಿಲ್ಲ. ಜನ ಅದಕ್ಕೂ ನಕ್ಕರು.

೬. ಹನ್ನೆರಡನೇ ಊರು

ಮಾರನೇ ದಿನ ಭಾನುವಾರ. ಕಾಕ್ಸ್ ಟೌನಿನಲ್ಲಿ ಚರ್ಚು ಮುಗಿಸಿ, ಅದೇ ಲುಂಗಿಯಲ್ಲಿ ಅವನು ನನ್ನ ಅಂಗಡಿಗೆ ಓಡುತ್ತಲೇ ಬಂದ. ಜೊತೆಗೆ ಹೆಲ್ಮೆಟ್ ಹಿಡಿದ ಒಬ್ಬ ಯುವಕ.

“ಮೇಡಂ! ಚರ್ಚಿನ ಮುಂದೆ ಸ್ಕೂಟರ್ ನಿಲ್ಲಿಸಿ ಕೇಳಿದ! ನಿನ್ನೆಯ ಶೋ ನಿಮ್ಮದೇ ಅಲ್ವಾ ಅಂತ ಕೇಳಿದ!” ಅವನ ಕಣ್ಣಲ್ಲಿ ನೀರು. ಹನ್ನೆರಡನೇ ಊರಿನ ಮಾನ ಉಳಿದಿತ್ತು.

ಯುವಕ ಅವನನ್ನು ದಾಟಿ ಒಳಗೆ ಬಂದು ನನಗೆ ಕೈ ಮುಗಿದ. “ಟೇಪ್ ಮೇಡಂ ನೀವೇ ತಾನೆ? ಸೂಪರ್ ಮೇಡಂ! ನಿಮ್ಮ ಅಂಗಡಿ ಎಲ್ಲಿ ಅಂತ ಕೇಳೋಕೇ ಇವ್ರನ್ನ ನಿಲ್ಲಿಸಿದ್ದು. ಒಂದು ಫೋಟೋ, ಪ್ಲೀಸ್.” ತಿರುಗಿ ತನ್ನ ಫೋನನ್ನು ಅವನ ಕೈಗೆ ಕೊಟ್ಟ. “ಸಾರ್, ಸ್ವಲ್ಪ ತೆಗೀತೀರಾ?”

ಅವನು ನನ್ನನ್ನು ನೋಡಿದ. ನಾನು ಸೀರೆ ಸೆರಗು ಸರಿಮಾಡಿಕೊಂಡೆ. ಬಂದ ಹೆಸರನ್ನು ಬೇಡ ಅನ್ನಲಾಗುತ್ತದೆಯೇ? ಅವನು ತುಂಬ ಶ್ರದ್ಧೆಯಿಂದ ಮೂರು ಫೋಟೋ ತೆಗೆದು, ಫೋನು ವಾಪಸು ಕೊಟ್ಟು, ಲುಂಗಿಯ ಜೇಬಿಗೆ ಕೈ ಹಾಕಿಕೊಂಡು ಹೊರಟುಹೋದ.

ನಾವಿಬ್ಬರೂ ಫೋನಿನ ಮೇಲೆ ಬಗ್ಗಿ ನೋಡಿದೆವು. ಮೂರರಲ್ಲೂ ನಾನಿಲ್ಲ, ಆ ಯುವಕನೂ ಇಲ್ಲ. ಈ ಕಿವಿಯಿಂದ ಆ ಕಿವಿಯವರೆಗೆ ನಗುತ್ತ, ಪರದೆ ತುಂಬ ಅವನೇ.